ಆಸ್ಪತ್ರೆಯಲ್ಲಿ ಸಿಕ್ಕ ಅಕ್ಕನಿಗೆ ಫೋನ್ ಮಾಡೋಕೆ ಭಯ

ಪ್ರಶ್ನೆ: ನನಗೆ 29 ವರ್ಷ. ಊರು ತುಮಕೂರಿನ ಹತ್ತಿರ, ಬೆಂಗಳೂರಿನಲ್ಲಿ ಕೆಲಸ. ಕಳೆದ ವರ್ಷ ಅಮ್ಮನಿಗೆ ಸ್ತನ ಕ್ಯಾನ್ಸರ್ ಅಂತ ಗೊತ್ತಾಯಿತು. ಆಪರೇಷನ್ ಆದ ಮೇಲೆ ರೇಡಿಯೇಷನ್‌ಗೆ ವಾರಗಟ್ಟಲೆ ಆಸ್ಪತ್ರೆಗೆ ಓಡಾಡಿದೆವು. ಅಲ್ಲಿ ಲಿಂಗಸುಗೂರು ಕಡೆಯ ಒಬ್ಬ ಅಕ್ಕ ಸಿಕ್ಕರು. ಅವರ ಯಜಮಾನರಿಗೆ ಬಾಯಿ ಕ್ಯಾನ್ಸರ್. ಮಾತಾಡೋಕೆ ಆಗುತ್ತಿರಲಿಲ್ಲ, ನೋಟ್‌ಬುಕ್‌ನಲ್ಲಿ ಬರೆದು ತೋರಿಸುತ್ತಿದ್ದರು. ಮೊದಲ ದಿನ ಅಮ್ಮ ಚಳಿಗೆ ನಡುಗುತ್ತಾ ಕೂತಿದ್ದಾಗ ಈ ಅಕ್ಕ ಎದ್ದು ಬಂದು ತಮ್ಮ ಕೌದಿ ಹೊದಿಸಿದರು. "ಇರ್ಲಿ ತಗೋ ಯವ್ವಾ, ನಮ್ಮತ್ರ ಇನ್ನೊಂದೈತಿ" ಅಂದರು. ಇನ್ನೊಂದು ಇರಲಿಲ್ಲ ಅಂತ ಆಮೇಲೆ ಗೊತ್ತಾಯಿತು. ನಾನು ಆಫೀಸಿಗೆ ಹೋದ ದಿನಗಳಲ್ಲಿ ಅಮ್ಮನ ಫೈಲು, ಪರ್ಸು ಎಲ್ಲ ಅವರ ಮಡಿಲಲ್ಲೇ ಇರುತ್ತಿದ್ದವು. ಅವರ ಯಜಮಾನರು ದಿನಾ "ಉಂಡ್ರೇನು?" ಅಂತ ಬರೆದು ಅಮ್ಮನಿಗೆ ತೋರಿಸುತ್ತಿದ್ದರು.

ನಮ್ಮದು ಮೊದಲು ಮುಗಿಯಿತು. ಹೊರಡುವಾಗ ಕೌದಿ ಕೊಟ್ಟರೆ ಅಕ್ಕ ವಾಪಸ್ ತಗೊಳ್ಳಲಿಲ್ಲ. ಅಮ್ಮ ಈಗ ಆರಾಮಾಗಿದ್ದಾರೆ. ಸ್ವಲ್ಪ ದಿನ ಫೋನ್ ಮಾಡುತ್ತಿದ್ದೆ. ಆಷಾಢದ ಕೊನೆಯಲ್ಲಿ ಅವರಿಂದ ಎರಡು ಮಿಸ್ಡ್ ಕಾಲ್ ಬಂದಿತ್ತು. ಮೀಟಿಂಗ್‌ನಲ್ಲಿದ್ದೆ. ಸಂಜೆ ಮಾಡೋಣ ಅಂತ ಬಿಟ್ಟವಳು ಮರೆತೆ. ಕೆಲವು ದಿನ ಬಿಟ್ಟು ನೋಡಿದರೆ ವಾಟ್ಸಾಪ್ ಡಿಪಿಯಲ್ಲಿ ಯಜಮಾನರ ಫೋಟೊ ಇಲ್ಲ, ದೇವರ ಫೋಟೊ ಇದೆ. ಅವತ್ತಿನಿಂದ ನನಗೆ ಫೋನ್ ಮಾಡುವ ಧೈರ್ಯ ಬಂದಿಲ್ಲ. ಅಮ್ಮ ಕೇಳಿದಾಗೆಲ್ಲ "ಚೆನ್ನಾಗಿದ್ದಾರಂತೆ" ಅಂತ ಸುಳ್ಳು ಹೇಳುತ್ತೇನೆ. ಅಣ್ಣ ಹೇಳುತ್ತಾನೆ, ಆಸ್ಪತ್ರೆ ಸ್ನೇಹ ಆಸ್ಪತ್ರೆಗೇ ಮುಗೀಬೇಕು, ನಾಳೆ ದುಡ್ಡು ಕೇಳ್ತಾರೆ ಅಂತ. ವಿಳಾಸ ಇದೆ. ಕೌದಿ ಜೊತೆ ಒಂದಿಷ್ಟು ದುಡ್ಡಿಟ್ಟು ಕೊರಿಯರ್ ಮಾಡಿ ಮುಗಿಸಿಬಿಡಲೇ?
– ಹೆಸರು ಬೇಡ

ಉತ್ತರ: ಕೊರಿಯರ್ ಬೇಡ ಕಣಮ್ಮ. ಫೋನ್ ಮಾಡಿ.

ಒಂದು ಮಾತೂ ಇಲ್ಲದೆ ಕೌದಿ ವಾಪಸ್ ಬಂದು ಬಾಗಿಲಲ್ಲಿ ಬಿದ್ದರೆ ಆ ಅಕ್ಕನಿಗೆ ಹೇಗನ್ನಿಸಬಹುದು ಯೋಚಿಸಿ. ಹಳೇ ಸೀರೆಗಳನ್ನು ಪದರ ಪದರ ಹಾಕಿ, ದಿನಗಟ್ಟಲೆ ಕೂತು ಕೈಯಲ್ಲಿ ಹೊಲಿಯುವ ಹೊದಿಕೆ ಅದು. ಅದರ ಮೇಲೆ ದುಡ್ಡಿನ ಕವರ್ ಬೇರೆ. ಲೆಕ್ಕ ಚುಕ್ತಾ ಅಂತ ಬರೆದು ಕಳಿಸಿದ ಹಾಗಾಗುತ್ತದೆ. ನಿಮ್ಮ ಮನಸ್ಸಿನಲ್ಲಿ ಇರೋದು ಅದಲ್ಲ ಅಂತ ನನಗೆ ಗೊತ್ತು. ಅವರಿಗೆ ಗೊತ್ತಾಗೋದು ಹೇಗೆ?

ಮೊದಲು ಆ ಡಿಪಿ ವಿಷಯ. ಫೋಟೊ ಹೋದದ್ದನ್ನು ನೋಡಿ ಅವರು ತೀರಿಕೊಂಡರು ಅಂತ ನೀವೇ ತೀರ್ಮಾನ ಮಾಡಿಬಿಟ್ಟಿದ್ದೀರಿ. ಆದರೆ ಮನೆಯಲ್ಲಿ ಯಾರಾದರೂ ಹೋದರೆ ನಮ್ಮ ಜನ ಸಾಮಾನ್ಯವಾಗಿ ಅವರ ಫೋಟೊ ಹಾಕುತ್ತಾರೆ, ಇರೋದನ್ನ ತೆಗೆಯೋದಿಲ್ಲ ಅಲ್ವಾ? ಆಷಾಢ ಮುಗಿದು ಶ್ರಾವಣ ಬಂತು ಅಂದರೆ ಎಷ್ಟೋ ಜನರ ಡಿಪಿಯಲ್ಲಿ ದೇವರೇ ಇರುತ್ತಾನೆ. ಲಿಂಗಸುಗೂರು ತಾಲ್ಲೂಕಿನಲ್ಲೇ ಗುರುಗುಂಟಾ ಅಮರೇಶ್ವರನ ದೊಡ್ಡ ಕ್ಷೇತ್ರವಿದೆ. ಕಾಯಿಲೆ ಇರುವ ಮನೆಯವರು ಹರಕೆ ಹೊತ್ತು ದೇವರ ಫೋಟೊ ಹಾಕಿಕೊಳ್ಳೋದು ಏನು ವಿಚಿತ್ರ? ಅಷ್ಟಕ್ಕೂ ಆ ಫೋನಿನ ಫೋಟೊ ಬದಲಾಯಿಸಿದ್ದು ಮನೆಯ ಯಾವುದೋ ಹುಡುಗ ಇರಬಹುದು.

ಹಾಗಂತ ಸುಳ್ಳು ಸಮಾಧಾನ ಹೇಳುವುದಿಲ್ಲ. ಕೆಟ್ಟ ಸುದ್ದಿಯೂ ಇರಬಹುದು. ಬಾಯಿ ಕ್ಯಾನ್ಸರ್ ಸಣ್ಣ ಕಾಯಿಲೆ ಅಲ್ಲ. ಆದರೆ ಅದರಿಂದ ಗುಣವಾಗಿ ಊರಿಗೆ ಹೋಗಿ ಹೊಲ ನೋಡಿಕೊಂಡಿರುವವರೂ ಇದ್ದಾರೆ. ರೇಡಿಯೇಷನ್ ಸಮಯದಲ್ಲಿ ಬಾಯೆಲ್ಲ ಹುಣ್ಣಾಗುತ್ತದೆ, ದವಡೆ ಬಿಗಿಯುತ್ತದೆ, ಗಂಜಿ ಇಳಿಯೋದೂ ಕಷ್ಟ. ಅವರು ಮಾತಾಡದೆ ಬರೆದು ತೋರಿಸುತ್ತಿದ್ದದ್ದಕ್ಕೆ ಇದೂ ಕಾರಣ ಇರಬಹುದು. ನೀವು ನೋಡಿದ್ದು ಅವರ ತೀರಾ ಕಷ್ಟದ ದಿನಗಳನ್ನು. ಅದೇ ಚಿತ್ರ ಮನಸ್ಸಿನಲ್ಲಿ ಕೂತಿದೆ. ಚಿಕಿತ್ಸೆ ಮುಗಿದ ಮೊದಲ ವರ್ಷ ಇಂಥವರು ಆಗಾಗ ಚೆಕಪ್‌ಗೆ ಬರಬೇಕಾಗುತ್ತದೆ. ಆ ಎರಡು ಕಾಲ್ ಬೆಂಗಳೂರಿಗೆ ಬಂದಾಗ ಮಾಡಿದ್ದೂ ಇರಬಹುದು. ಸುಮ್ನೆ ನಿಮ್ಮಮ್ಮನನ್ನು ವಿಚಾರಿಸೋಕೆ ಮಾಡಿದ್ದೂ ಇರಬಹುದು. ಗೊತ್ತಾಗಬೇಕು ಅಂದರೆ ಕೇಳಬೇಕು, ಬೇರೆ ದಾರಿ ಇಲ್ಲ.

ಕಿದ್ವಾಯಿಯಂಥ ಆಸ್ಪತ್ರೆಯ ಕಾರಿಡಾರ್ ನೋಡಿದವರಿಗೆ ನಿಮ್ಮ ಕಥೆ ಹೊಸದಲ್ಲ. ರೇಡಿಯೇಷನ್ ಅಂದರೆ ಸಾಮಾನ್ಯವಾಗಿ ವಾರಕ್ಕೆ 5 ದಿನ, ಎಷ್ಟೋ ಸಲ ಐದಾರು ವಾರ. ಮಷಿನ್ ಕೆಳಗೆ ಮಲಗೋದು ಕೆಲವೇ ನಿಮಿಷ, ಕಾಯೋದು ಅರ್ಧ ದಿನ. ರಾಯಚೂರು, ಯಾದಗಿರಿ, ಬೀದರ್ ಕಡೆಯವರು 400 ಕಿಲೋಮೀಟರಿಗೂ ಜಾಸ್ತಿ ದೂರದಿಂದ ಬಂದಿರುತ್ತಾರೆ. ದಿನಾ ಹೋಗಿ ಬರೋಕೆ ಆಗಲ್ಲ. ಧರ್ಮಶಾಲೆಯಲ್ಲಿ, ಎಲ್ಲೂ ಜಾಗ ಸಿಗದಿದ್ದರೆ ವರಾಂಡದಲ್ಲಿ ಮಲಗುತ್ತಾರೆ. "ನಂಬರ್ ಕರೆದ್ರೆ ಕೂಗ್ರೀ, ನೀರು ತರ್ತೀನಿ" ಅಂತ ಶುರುವಾಗುವ ಪರಿಚಯ ಅದು. ಅಲ್ಲಿ ಜಾತಿ, ಊರು, ಸಂಬಳ ಯಾರೂ ಕೇಳೋದಿಲ್ಲ. ಯಾವ ರೂಮು, ಎಷ್ಟನೇ ಕರೆಂಟು (ರೇಡಿಯೇಷನ್‌ಗೆ ಅಲ್ಲಿ ಹಾಗೇ ಅನ್ನೋದು) ಅಷ್ಟೇ. ಅಂಥ ಕಡೆ, ಇದ್ದ ಒಂದೇ ಹೊದಿಕೆಯನ್ನು ಇನ್ನೊಂದಿದೆ ಅಂತ ಹೇಳಿ ಕೊಟ್ಟ ಹೆಂಗಸು ಅವರು. ಇಂಥವರು ಜೀವನದಲ್ಲಿ ಪದೇ ಪದೇ ಸಿಗೋದಿಲ್ಲ. ಅದಕ್ಕೇ ಇಷ್ಟು ಒತ್ತಾಯ ಮಾಡುತ್ತಿದ್ದೇನೆ.

ನಿಮ್ಮ ಪತ್ರದಲ್ಲಿ ಇನ್ನೊಂದು ಸಂಕಟವೂ ಕಾಣುತ್ತಿದೆ. ನೀವು ಅದನ್ನು ನೇರವಾಗಿ ಬರೆದಿಲ್ಲ. ನಮ್ಮಮ್ಮ ಉಳಿದರು, ಅವರ ಯಜಮಾನರು ಉಳಿಯಲಿಲ್ಲವೇನೋ, ಯಾವ ಮುಖ ಇಟ್ಟುಕೊಂಡು ಮಾತಾಡಲಿ ಅನ್ನೋದು. ನಿಮ್ಮ ತಾಯಿಯ ಆರೋಗ್ಯ ಆ ಮನೆಯಿಂದ ಕಿತ್ತುಕೊಂಡು ಬಂದದ್ದಲ್ಲ. ಕಾಯಿಲೆ ಬೇರೆ, ಅದು ಇದ್ದ ಹಂತ ಬೇರೆ, ಮೈ ಬೇರೆ. ಆ ಅಕ್ಕ ನಿಮ್ಮಮ್ಮ ಹುಷಾರಾಗಲಿ ಅಂತಲೇ ಪಕ್ಕದಲ್ಲಿ ಕೂತಿದ್ದರು. ಅದೇ ಸುದ್ದಿಯನ್ನು ಅವರಿಂದ ಮುಚ್ಚಿಡುವುದು ಯಾಕೆ? ಅವರ ಮನೆಯಲ್ಲಿ ಏನೇ ಆಗಿರಲಿ, "ಅವ್ವ ಆರಾಮದಾಳೇನು?" ಅಂತ ಕೇಳಿಯೇ ಕೇಳುತ್ತಾರೆ. ಹೌದು, ಆರಾಮಾಗಿದ್ದಾರೆ ಅಂತ ಧೈರ್ಯವಾಗಿ ಹೇಳಿ.

ಸಂಜೆ ಏಳರ ಮೇಲೆ ಮಾಡಿ, ಹೊಲದ ಕೆಲಸ ಮುಗಿದಿರುತ್ತದೆ. ಮೆಸೇಜ್ ಹಾಕಿ ಬ್ಲೂ ಟಿಕ್ ಕಾಯುತ್ತಾ ಕೂರಬೇಡಿ. ಮೊದಲು ನೀವು ಯಾರು ಅಂತ ಹೇಳಿ. ಆಮೇಲೆ "ಅಕ್ಕಾ, ನೀವು ಹೇಗಿದೀರಿ?" ಅಂತ ಕೇಳಿ. ಯಜಮಾನರ ಬಗ್ಗೆ ಮೊದಲ ಪ್ರಶ್ನೆಯಲ್ಲೇ ಕೇಳಬೇಡಿ, ಅವರೇ ಹೇಳುತ್ತಾರೆ. "ಅವತ್ತು ನಿಮ್ಮ ಕಾಲ್ ಬಂದಿತ್ತು, ವಾಪಸ್ ಮಾಡಲಿಲ್ಲ, ತಪ್ಪಾಯ್ತು" ಅಂತ ಒಂದೇ ಮಾತಿನಲ್ಲಿ ಹೇಳಿ ಮುಗಿಸಿ. ಅರ್ಧ ಗಂಟೆ ಕ್ಷಮೆ ಕೇಳಿದರೆ ಅವರೇ ನಿಮ್ಮನ್ನು ಸಮಾಧಾನ ಮಾಡಬೇಕಾಗುತ್ತದೆ.

ಯಜಮಾನರು ಇಲ್ಲ ಅಂತ ಗೊತ್ತಾದರೆ? "ನರಳಾಟ ತಪ್ಪಿತು ಬಿಡಿ", "ದೇವರ ಇಚ್ಛೆ" ಅನ್ನಬೇಡಿ. ಅವನ್ನು ಕೇಳಿ ಕೇಳಿ ಅವರಿಗೆ ಸಾಕಾಗಿರುತ್ತದೆ. ಆ ನೋಟ್‌ಬುಕ್ ಬಗ್ಗೆ ಹೇಳಿ. ದಿನಾ "ಉಂಡ್ರೇನು?" ಅಂತ ಬರೆಯುತ್ತಿದ್ದದ್ದನ್ನು ಅಮ್ಮ ಇನ್ನೂ ನೆನೆಸಿಕೊಳ್ಳುತ್ತಾರೆ ಅಂತ ಹೇಳಿ. ಸತ್ತವರ ಹೆಸರೆತ್ತಿದರೆ ಗಾಯ ಕೆದಕಿದಂತೆ ಅಂತ ಸುತ್ತಲಿನವರು ಸುಮ್ಮನಾಗಿಬಿಡುತ್ತಾರೆ. ಗಂಡನ ಬಗ್ಗೆ ಮಾತಾಡೋಕೆ ಆ ಹೆಣ್ಣಿಗೆ ಯಾರೂ ಇರೋದಿಲ್ಲ. ಅತ್ತರೆ ಅಳಲಿ, ಫೋನ್ ಇಡಬೇಡಿ. ಸಮಯ ನೋಡಿ, ವಿಧವಾ ವೇತನಕ್ಕೆ ನಾಡಕಚೇರಿಯಲ್ಲಿ ಅರ್ಜಿ ಕೊಟ್ಟಿದ್ದಾರಾ ಅಂತಲೂ ವಿಚಾರಿಸಿ. ಓದಿದವರೊಬ್ಬರು ಜೊತೆಗಿದ್ದು ಕಾಗದ ಪತ್ರ ಹೇಳಿಕೊಟ್ಟರೆ ಅದು ನಿಜವಾದ ಸಹಾಯ.

ನಿಮ್ಮ ಅಣ್ಣನ ಎಚ್ಚರಿಕೆ ಈ ಕಾಲಕ್ಕೆ ತಪ್ಪೇನಲ್ಲ, ಓಟಿಪಿ ಕೇಳುವವರ ವಿಷಯದಲ್ಲಿ. ಆದರೆ ನಿಮ್ಮಮ್ಮನ ಪರ್ಸು ವಾರಗಟ್ಟಲೆ ಈ ಅಕ್ಕನ ಮಡಿಲಲ್ಲಿತ್ತು. ಒಂದು ವೇಳೆ ಮುಂದೆ ದುಡ್ಡು ಕೇಳಿದರೆ ಆಗೋದಿದ್ದರೆ ಕೊಡಿ, ಆಗದಿದ್ದರೆ ಆಗಲ್ಲ ಅಕ್ಕಾ ಅನ್ನಿ. ಅದಕ್ಕೆ ಹೆದರಿ ಈಗಲೇ ಬಾಗಿಲು ಹಾಕಿಕೊಳ್ಳಬೇಕಾಗಿಲ್ಲ. ದಿನಾ ಫೋನ್ ಮಾಡಬೇಕು ಅಂತಲೂ ಇಲ್ಲ. ಹಬ್ಬಕ್ಕೊಮ್ಮೆ, ಚೆಕಪ್‌ಗೆ ಬಂದಾಗೊಮ್ಮೆ ಸಾಕು.

ಇನ್ನು ಅಮ್ಮನಿಗೆ ಹೇಳುತ್ತಿರುವ ಸುಳ್ಳು. ಫೋನ್ ಮಾಡೋಕೆ ಮೊದಲೇ ನಿಜ ಹೇಳಿಬಿಡಿ. ಬೈಯಬಹುದು, ಬೈಸಿಕೊಳ್ಳಿ. ಕ್ಯಾನ್ಸರ್ ಎದುರಿಸಿದ ಹೆಂಗಸು, ಈ ಸುದ್ದಿಯನ್ನೂ ತಡೆದುಕೊಳ್ಳುತ್ತಾರೆ. ನೀವು ಮೊದಲು ಮಾತಾಡಿ ವಿಷಯ ತಿಳಿದುಕೊಳ್ಳಿ, ಆಮೇಲೆ ಫೋನ್ ಅವರ ಕೈಗೆ ಕೊಡಿ. ಅಲ್ಲಿಂದ ಮುಂದಿನದು ಅವರಿಬ್ಬರ ಮಾತು.