ಘಟ್ಟದ ಮೇಲಿನ ಹೆರಿಗೆ: ದುಡ್ಡು ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ?

ಹೆರಿಗೆಗೆ ಸರ್ಕಾರ ಇಷ್ಟು ಖರ್ಚು ಮಾಡುವಾಗ ನಿಮ್ಮ ಕಡೆ ಇನ್ನೂ ಯಾಕೆ ಪರದಾಟ ಎಂದು ಕೇಳಿದ್ದೀರಿ. ದುಡ್ಡಿನ ಮಾತಿಗೆ ಮೊದಲು ದಾರಿಯ ಮಾತು. ಶಿವಮೊಗ್ಗ ಜಿಲ್ಲೆ ಹೊಸನಗರದ ನಗರ, ನಿಟ್ಟೂರು ಸೀಮೆ, ತೀರ್ಥಹಳ್ಳಿಯ ಆಗುಂಬೆ ಸೀಮೆ, ಇವೆಲ್ಲ ಉಡುಪಿ ಜಿಲ್ಲೆಯ ಗಡಿಗೆ ಅಂಟಿಕೊಂಡ ಜಾಗ. ಇಲ್ಲಿ ಊರೆಂದರೆ ಸಾಲುಮನೆಯಲ್ಲ. ತೋಟಕ್ಕೊಂದು, ಗುಡ್ಡಕ್ಕೊಂದು ಮನೆ. 108 ಆಂಬುಲೆನ್ಸ್ ಟಾರು ರಸ್ತೆ ತನಕ ಬರುತ್ತದೆ. ಅಲ್ಲಿಂದಾಚೆ ಹಳ್ಳ, ಕಾಲುಸಂಕ, ಜಾರುವ ಮಣ್ಣುದಾರಿ. ಶರಾವತಿ ಹಿನ್ನೀರಿನಾಚೆಯ ತುಮರಿಯವರಿಗಂತೂ 2025ರ ಜುಲೈನಲ್ಲಿ ಸಿಗಂದೂರು ಸೇತುವೆ ತೆರೆಯುವ ತನಕ ಲಾಂಚೇ ಗತಿ.

ಹಾಗಾಗಿ ಮಳೆಗಾಲದಲ್ಲಿ ದಿನ ತುಂಬುವವರು ನೋವು ಬರಲಿ ಎಂದು ಕಾಯಬಾರದು. ಡಾಕ್ಟರು ಕೊಟ್ಟ ತಾರೀಕಿಗೆ ವಾರ ಹತ್ತು ದಿನ ಮೊದಲೇ ತಾಲ್ಲೂಕು ಆಸ್ಪತ್ರೆಗೆ ಹತ್ತಿರದ ನೆಂಟರ ಮನೆ ಸೇರುವುದು ಇಲ್ಲಿನ ರೂಢಿ. ಗ್ರಾಮ ಆರೋಗ್ಯ, ನೈರ್ಮಲ್ಯ ಸಮಿತಿಗೆ ವರ್ಷಕ್ಕೆ 10,000 ರೂಪಾಯಿ ತನಕ ಮುಕ್ತ ನಿಧಿ ಬರುತ್ತದೆ. ತೀರಾ ಬಡವರ ಮನೆಯ ಬಸುರಿಗೆ ಜೀಪು ಬಾಡಿಗೆಗೂ ಅದನ್ನು ಬಳಸಲು ಅವಕಾಶವಿದೆ. ಇದು ಬಹಳ ಜನಕ್ಕೆ ಗೊತ್ತಿಲ್ಲ; ಆಶಾ ಕಾರ್ಯಕರ್ತೆಯನ್ನೋ ಪಂಚಾಯ್ತಿ ಸದಸ್ಯರನ್ನೋ ಮೊದಲೇ ಕೇಳಿಡಿ.

ಇನ್ನು ಕೈಗೆ ಬರುವ ದುಡ್ಡು. ಜನನಿ ಸುರಕ್ಷಾ ಯೋಜನೆಯಲ್ಲಿ ಆಸ್ಪತ್ರೆ ಹೆರಿಗೆಗೆ ಬಿಪಿಎಲ್, ಎಸ್‌ಸಿ, ಎಸ್‌ಟಿ ಹೆಂಗಸರಲ್ಲಿ ಹಳ್ಳಿಯವರಿಗೆ 700, ಪೇಟೆಯವರಿಗೆ 600 ರೂಪಾಯಿ. ಯೋಜನೆ ಶುರುವಾದ 2005ರಲ್ಲಿ ಅದಕ್ಕೊಂದು ಬೆಲೆ ಇತ್ತು, ಈಗ ಘಟ್ಟದ ದಾರಿಯ ಜೀಪು ಬಾಡಿಗೆಗೇ ಸಾಲದು. ದೊಡ್ಡ ಮೊತ್ತವೆಂದರೆ ಪ್ರಧಾನಮಂತ್ರಿ ಮಾತೃವಂದನಾ ಯೋಜನೆಯದು: ಮೊದಲ ಮಗುವಿಗೆ 5,000. ಹೆಸರು ಬರೆಸಿ ಒಂದು ತಪಾಸಣೆಯಾದರೆ 3,000. ಜನನ ನೋಂದಣಿಯಾಗಿ ಹದಿನಾಲ್ಕು ವಾರದ ತನಕದ ಚುಚ್ಚುಮದ್ದು ಮುಗಿದ ಮೇಲೆ 2,000. ಎರಡನೆಯದು ಹೆಣ್ಣಾದರೆ ಒಂದೇ ಕಂತಲ್ಲಿ 6,000.

ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ದುಡ್ಡು ಹೋಗುವುದು ನೀವು ಬರೆದುಕೊಟ್ಟ ಪಾಸ್‌ಬುಕ್ಕಿಗಲ್ಲ, ಆಧಾರ್‌ಗೆ ಕೊನೆಯದಾಗಿ ಸೀಡಿಂಗ್ (ಜೋಡಣೆ) ಆದ ಖಾತೆಗೆ. ಕಾಲೇಜಿನಲ್ಲಿದ್ದಾಗ ಸ್ಕಾಲರ್‌ಶಿಪ್ಪಿಗೆಂದು ತೆರೆದು ಮರೆತ ಖಾತೆಗೆ ಹೋಗಿ ಬಿದ್ದಿರುತ್ತದೆ, ಇಲ್ಲಿ ಆಶಾ ಅಕ್ಕನಿಗೆ ಬೈಗುಳ. ಗೃಹಲಕ್ಷ್ಮಿ ಅತ್ತೆಯ ಖಾತೆಗೆ ಬರುವ ಮನೆಗಳಲ್ಲಿ ಸೊಸೆಗೆ ಚಾಲ್ತಿ ಖಾತೆಯೇ ಇರುವುದಿಲ್ಲ. ಆಧಾರ್‌ಗೆ ಕೊಟ್ಟ ಮೊಬೈಲ್ ನಂಬರು ತವರಿನಲ್ಲಿರುವ ಅಣ್ಣನದಾಗಿದ್ದರೆ ಓಟಿಪಿ ಅವನಿಗೆ ಹೋಗುತ್ತದೆ. ಅವನು ಬೆಂಗಳೂರಲ್ಲಿ, ಅಂಗನವಾಡಿ ಟೀಚರು ಗುಡ್ಡ ಹತ್ತಿ ಸಿಗ್ನಲ್ ಹಿಡಿದು ನಿಂತಿರುತ್ತಾರೆ. ತಿಂಗಳು ನಿಂತ ಕೂಡಲೇ ಬ್ಯಾಂಕಿಗೋ ಅಂಚೆ ಕಚೇರಿಗೋ ಹೋಗಿ ಬಸುರಿಯೊಬ್ಬಳ ಹೆಸರಿನ ಖಾತೆಗೆ ಸೀಡಿಂಗ್ ಮಾಡಿಸಿ, ಆಧಾರ್‌ನಲ್ಲಿ ಅವಳದೇ ನಂಬರು ಹಾಕಿಸಿ. ಆಧಾರ್ ವೆಬ್‌ಸೈಟಿನಲ್ಲಿ ಯಾವ ಬ್ಯಾಂಕು ಜೋಡಣೆಯಾಗಿದೆ ಎಂದು ನೋಡಬಹುದು.

ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವುದು ನಮ್ಮಲ್ಲಿ ಪದ್ಧತಿ. ಗಂಡನ ಮನೆ ಸಾಗರ, ತವರು ಕುಂದಾಪುರ ಎಂದಾದರೆ ಅಲ್ಲಿ ಹೊಸ ತಾಯಿ ಕಾರ್ಡ್ (ಬಸುರಿಯ ತಪಾಸಣೆ, ಹೆರಿಗೆಯ ದಾಖಲೆ ಪುಸ್ತಕ) ಮಾಡಿಸಬೇಡಿ. ಹಳೆಯದರಲ್ಲಿರುವ ಹನ್ನೆರಡು ಅಂಕಿಯ ನಂಬರನ್ನೇ ಅಲ್ಲಿನ ಆಶಾಗೆ ಕೊಡಿ. ಎರಡು ನಂಬರಾದರೆ ಎರಡೂ ಕಡೆ ಅರ್ಧರ್ಧ ದಾಖಲೆಯಾಗಿ ಕಂತು ನಿಲ್ಲುತ್ತದೆ.

ಖಾತೆಗೆ ಬಾರದೆಯೂ ಸಿಗುವ ಸವಲತ್ತು ಇನ್ನೂ ದೊಡ್ಡದು. 2011ರಿಂದ ಜನನಿ ಶಿಶು ಸುರಕ್ಷಾ ಎಂಬ ಇನ್ನೊಂದು ಕಾರ್ಯಕ್ರಮದಲ್ಲಿ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ, ರಕ್ತ, ಪರೀಕ್ಷೆ ಎಲ್ಲ ಪುಕ್ಕಟೆ. ಸಹಜ ಹೆರಿಗೆಗೆ ಮೂರು ದಿನ, ಸಿಸೇರಿಯನ್‌ಗೆ ಏಳು ದಿನ ಊಟ. ಹೊರಗಿನ ಮೆಡಿಕಲ್ಲಿಗೆ ಚೀಟಿ ಬರೆದರೆ ಸುಮ್ಮನೆ ಹೋಗಬೇಡಿ, ಆಡಳಿತ ವೈದ್ಯಾಧಿಕಾರಿಯನ್ನು ಕೇಳಿ. ಪ್ರತಿ ತಿಂಗಳು 9ರಂದು ನಡೆಯುವ ತಪಾಸಣೆಗೆ ನಾಲ್ಕನೇ ತಿಂಗಳಿನಿಂದಲೇ ಹೋಗಿ. ರಕ್ತದೊತ್ತಡವೋ ರಕ್ತಹೀನತೆಯೋ ಅಲ್ಲೇ ಗೊತ್ತಾದರೆ ಹೆರಿಗೆ ಎಲ್ಲಿ ಎಂಬುದನ್ನು ಮಳೆ ಹಿಡಿಯುವ ಮುಂಚೆ ನಿರ್ಧರಿಸಬಹುದು. ಹಿಮೋಗ್ಲೋಬಿನ್ 11ಕ್ಕಿಂತ ಕೆಳಗಿದ್ದರೆ ರಕ್ತಹೀನತೆ, 7ಕ್ಕಿಂತ ಕೆಳಗಿದ್ದರೆ ತಡಮಾಡದೆ ದೊಡ್ಡಾಸ್ಪತ್ರೆ.

ಕಬ್ಬಿಣದ ಮಾತ್ರೆ ದಿನಕ್ಕೊಂದರಂತೆ ಕನಿಷ್ಠ 180. ಮಾತ್ರೆ ನುಂಗಿದ ಮೇಲೂ ರಕ್ತ ಏರದಿದ್ದರೆ ಮೊದಲು ಕಾಫಿ, ಚಾ ಲೋಟ ನೋಡಿ. ಮಾತ್ರೆಗೂ ಚಾಕ್ಕೂ ಒಂದು ತಾಸಾದರೂ ಅಂತರ ಬೇಕು, ಕ್ಯಾಲ್ಸಿಯಂ ಮಾತ್ರೆ ಬೇರೆ ಹೊತ್ತಿಗೆ. ಮಲ ಕಪ್ಪಾಗುವುದಕ್ಕೆ ಹೆದರಿ ಮಾತ್ರೆ ಬಚ್ಚಲಿಗೆ ಎಸೆಯುವವರೂ ಇದ್ದಾರೆ. ಅದು ಕಬ್ಬಿಣದ್ದೇ ಬಣ್ಣ, ಭಯವಿಲ್ಲ.

ಡಿಸ್ಚಾರ್ಜಿನ ಹಿಂದಿನ ದಿನವೇ ನಗು-ಮಗು ಗಾಡಿಗೆ ಹೇಳಿಡಿ. ಬಾಣಂತಿಯನ್ನು ಮನೆಗೆ ಬಿಡಲು ಹಣ ಕೊಡಬೇಕಿಲ್ಲ.