ಒಂದೇ ಸಂದರ್ಶನ ಎಲ್ಲ ಪತ್ರಿಕೆಗಳಲ್ಲೂ ಬರುವುದೇಕೆ?

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ಸಿನಿಮಾ ಪತ್ರಿಕೆಗಳನ್ನೂ ದಿನಪತ್ರಿಕೆಗಳ ಸಿನಿಮಾ ಪುರವಣಿಗಳನ್ನೂ ಹಲವು ವರ್ಷಗಳಿಂದ ತಪ್ಪದೆ ಓದುತ್ತಿದ್ದೇನೆ. ಚಿತ್ರವೊಂದು ತೆರೆಗೆ ಬರುವ ವಾರ ನಾಯಕನಟರ ಸಂದರ್ಶನ ಎಲ್ಲ ಕಡೆಯೂ ಹೆಚ್ಚುಕಡಿಮೆ ಅದೇ ಮಾತುಗಳಲ್ಲಿ ಬರುತ್ತದೆ. ಅದೇ ಚಿತ್ರದ ಗಳಿಕೆಯ ಮಾತು ಬಂದಾಗ ಮಾತ್ರ ಒಬ್ಬರು ನೂರು ಕೋಟಿ ಎಂದರೆ ಇನ್ನೊಬ್ಬರು ನಲವತ್ತು ಎನ್ನುತ್ತಾರೆ. ‘ಬಲ್ಲ ಮೂಲಗಳು’ ಎಂದರೆ ಯಾರು? ಇದನ್ನೆಲ್ಲ ಎಷ್ಟರಮಟ್ಟಿಗೆ ನಂಬಬಹುದು?

ಉತ್ತರ: ತಮ್ಮ ಮೂರು ಪ್ರಶ್ನೆಗಳ ಬೇರೂ ಒಂದೇ. ಸಿನಿಮಾ ಪುಟದ ಸುದ್ದಿಯಲ್ಲಿ ವರದಿಗಾರ ಹುಡುಕಿ ತಂದದ್ದು ಸ್ವಲ್ಪ, ಅವನ ಮೇಜಿಗೆ ತಾನಾಗಿ ಬಂದದ್ದು ಬಹಳ. ಕನ್ನಡ ಚಿತ್ರರಂಗದಲ್ಲಿ ಈ ಸುದ್ದಿ ತಲುಪಿಸುವ ಕೆಲಸವನ್ನು ಒಂದು ವೃತ್ತಿಯಾಗಿ ನೆಲೆಗೊಳಿಸಿದವರು ಡಿ.ವಿ. ಸುಧೀಂದ್ರ, 1976ರಲ್ಲಿ ಅವರು ಆರಂಭಿಸಿದ ಶ್ರೀ ರಾಘವೇಂದ್ರ ಚಿತ್ರವಾಣಿ ಸಂಸ್ಥೆಯ ಹೆಸರನ್ನು ತಾವೂ ಕೇಳಿರಬಹುದು. ಅಲ್ಲಿಂದೀಚೆಗೆ ಪಿಆರ್‌ಒ, ಅಂದರೆ ಚಿತ್ರದ ಪ್ರಚಾರ ನೋಡಿಕೊಳ್ಳುವವರು, ಇಲ್ಲದೆ ಗಾಂಧಿನಗರದಲ್ಲಿ ಚಿತ್ರ ಸೆಟ್ಟೇರುವುದೂ ಇಲ್ಲ, ಕುಂಬಳಕಾಯಿ ಒಡೆಯುವುದೂ ಇಲ್ಲ.

ಪತ್ರಿಕಾಗೋಷ್ಠಿ ನಡೆಯುವ ರೀತಿಯನ್ನು ನೋಡಿದರೆ ಒಂದೇ ಮಾತು ಎಲ್ಲೆಡೆ ಬರುವುದರ ಗುಟ್ಟು ತಿಳಿಯುತ್ತದೆ. ಮೊದಲು ಟ್ರೇಲರ್ ತೋರಿಸುತ್ತಾರೆ. ಆಮೇಲೆ ನಿರ್ಮಾಪಕರಿಂದ ಹಿಡಿದು ಸಂಗೀತ ನಿರ್ದೇಶಕರವರೆಗೆ ವೇದಿಕೆಯ ಮೇಲಿರುವವರೆಲ್ಲ ಸರದಿಯಂತೆ ಮಾತನಾಡುತ್ತಾರೆ, ಕೊನೆಗೆ ನಾಯಕನಟರು ಮೈಕ್ ಹಿಡಿಯುತ್ತಾರೆ. ನಲವತ್ತು ಮಂದಿ ವರದಿಗಾರರು ಕೇಳಿಸಿಕೊಂಡದ್ದು ಅದೊಂದೇ ಮಾತು. ಅವರು ಕಚೇರಿಗೆ ಮರಳುವಷ್ಟರಲ್ಲಿ ಪತ್ರಿಕಾ ಟಿಪ್ಪಣಿಯೂ ಫೋಟೊಗಳೂ ವಾಟ್ಸಾಪ್ ಗುಂಪಿಗೆ ಬಂದಿರುತ್ತವೆ. ಆ ಟಿಪ್ಪಣಿಗೆ ತನ್ನದೇ ಆದ ಒಂದು ಭಾಷೆಯಿದೆ. ‘ಮಾತಿನ ಭಾಗದ ಚಿತ್ರೀಕರಣ ಮುಗಿದಿದ್ದು, ಹಾಡುಗಳಷ್ಟೇ ಬಾಕಿ’ ಎಂಬ ಸಾಲನ್ನು ತಾವು ನೂರಾರು ಬಾರಿ ಓದಿರುತ್ತೀರಿ. ಕೆಲವೊಮ್ಮೆ ಅದು ಅಕ್ಷರಶಃ ನಿಜ. ಕೆಲವೊಮ್ಮೆ ಅದರ ಅರ್ಥ ನಿರ್ಮಾಪಕರ ಕೈಯಲ್ಲಿ ಸದ್ಯಕ್ಕೆ ಹಣವಿಲ್ಲ ಎಂದಷ್ಟೇ. ಒಂದು ಚಿತ್ರದ ಬಗ್ಗೆ ಅದೇ ಸಾಲು ಆರು ತಿಂಗಳ ನಂತರವೂ ಬಂದರೆ ಯಾವ ಅರ್ಥವನ್ನು ಹಿಡಿಯಬೇಕೆಂದು ತಮಗೆ ಹೇಳಬೇಕಾಗಿಲ್ಲ.

ಪತ್ರಿಕೆ ಸ್ವಂತವಾಗಿ ಏಕೆ ಕೇಳಬಾರದು ಎಂದು ತಾವು ಕೇಳಬಹುದು. ಕೇಳಬಹುದು, ಆದರೆ ಮುಖಪುಟಕ್ಕೆ ತಾರೆಯ ಚಿತ್ರ ಬೇಕು, ತಾರೆ ಮುನಿಸಿಕೊಂಡರೆ ಅದು ಸಿಗುವುದಿಲ್ಲ. ಮುಂಬೈಯಲ್ಲಿ 1952ರಲ್ಲಿ ಆರಂಭವಾದ ಫಿಲ್ಮ್‌ಫೇರ್ ತಾರೆಯರ ವಿಷಯದಲ್ಲಿ ಸೌಜನ್ಯದ ದಾರಿ ಹಿಡಿದರೆ, 1971ರಲ್ಲಿ ಹೊರಬಂದ ಸ್ಟಾರ್‌ಡಸ್ಟ್ ಅವರ ಖಾಸಗಿ ಬದುಕಿನ ಗುಸುಗುಸುವನ್ನೇ ಬಂಡವಾಳ ಮಾಡಿಕೊಂಡಿತು. ತುರ್ತು ಪರಿಸ್ಥಿತಿಯ ಕಾಲದಲ್ಲಿ ಪತ್ರಿಕೆಗಳ ಮೇಲೆ ಬಿದ್ದ ಸೆನ್ಸಾರ್ ಕತ್ತರಿಯ ಹಿಂದೆ ಅಮಿತಾಭ್ ಬಚ್ಚನ್ ಇದ್ದಾರೆಂದು ಬಗೆದ ಸಿನಿಮಾ ಪತ್ರಿಕೆಗಳು ಅವರನ್ನು ವರ್ಷಗಟ್ಟಲೆ ಬಹಿಷ್ಕರಿಸಿದವು. ಅವರೂ ಪತ್ರಕರ್ತರನ್ನು ಹತ್ತಿರ ಬಿಟ್ಟುಕೊಳ್ಳಲಿಲ್ಲ. ಅವರ ದೊಡ್ಡ ಯಶಸ್ಸುಗಳಲ್ಲಿ ಹಲವು ಬಂದದ್ದು ಆ ಬಹಿಷ್ಕಾರದ ವರ್ಷಗಳಲ್ಲಿಯೇ. ತಾರೆಯಿಲ್ಲದೆ ಪತ್ರಿಕೆ ನಡೆಯದು, ಪತ್ರಿಕೆಯಿಲ್ಲದೆ ತಾರೆ ಗೆಲ್ಲಬಹುದು ಎಂಬ ಪಾಠವನ್ನು ಚಿತ್ರೋದ್ಯಮ ಅಂದೇ ಕಲಿಯಿತು ಎಂಬುದು ನನ್ನ ಎಣಿಕೆ. ನಟರೇ ಇನ್‌ಸ್ಟಾಗ್ರಾಂನಲ್ಲಿ ನೇರವಾಗಿ ಅಭಿಮಾನಿಗಳೊಡನೆ ಮಾತನಾಡುವ ಈ ಕಾಲದಲ್ಲಿ ತಕ್ಕಡಿ ಇನ್ನಷ್ಟು ಅವರ ಕಡೆಗೇ ವಾಲಿದೆ.

ಇದರ ಮೇಲೆ ಹಣ ಕೊಟ್ಟು ಬರೆಸುವ ಬರಹಗಳ ಮಾತೂ ಇದೆ. ಟೈಮ್ಸ್ ಆಫ್ ಇಂಡಿಯಾ ಬಳಗ 2003ರಲ್ಲಿ ಮೀಡಿಯಾನೆಟ್ ಎಂಬ ವ್ಯವಸ್ಥೆಯ ಮೂಲಕ ತನ್ನ ಮನರಂಜನಾ ಪುರವಣಿಗಳಲ್ಲಿ ಸುದ್ದಿಯ ರೂಪದ ಪ್ರಚಾರಕ್ಕೆ ಬಹಿರಂಗವಾಗಿಯೇ ದರ ನಿಗದಿ ಮಾಡಿತು. ಬೆಂಗಳೂರು ಟೈಮ್ಸ್ ಪುರವಣಿಯ ಹಳೆಯ ಪ್ರತಿ ಮನೆಯಲ್ಲಿದ್ದರೆ ಅದರ ಶೀರ್ಷಿಕೆಯ ಬಳಿ ಕನ್ನಡಕ ಹಾಕಿಕೊಂಡು ನೋಡಿರಿ. ಇದು ಮನರಂಜನಾ ಪ್ರಚಾರದ ಪುಟ ಎಂಬರ್ಥದ ಒಂದು ಸಾಲು ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿರುತ್ತದೆ. ಅಷ್ಟನ್ನಾದರೂ ಅಚ್ಚು ಹಾಕದೆ ಇದೇ ಕೆಲಸ ಮಾಡುವವರಿಗಿಂತ ಅದು ಮೇಲು ಎಂದೇ ಹೇಳುತ್ತೇನೆ.

‘ಬಲ್ಲ ಮೂಲಗಳು’ ಬಹುಪಾಲು ಆ ನಟನ ಮ್ಯಾನೇಜರ್, ಇಲ್ಲವೇ ನಿರ್ಮಾಣ ಸಂಸ್ಥೆಯ ಒಳಗಿನವರೇ ಆಗಿರುತ್ತಾರೆ. ಇಂಥ ನಟಿ ಇಂಥ ಚಿತ್ರಕ್ಕೆ ನಾಯಕಿಯಾಗುತ್ತಾರಂತೆ ಎಂದು ಮೊದಲು ಹೆಸರಿಲ್ಲದೆ ತೇಲಿಬಿಟ್ಟು ಅಭಿಮಾನಿಗಳು ಏನೆನ್ನುತ್ತಾರೆಂದು ನೋಡುತ್ತಾರೆ. ಮೆಚ್ಚಿದರೆ ಘೋಷಣೆ, ಮೆಚ್ಚದಿದ್ದರೆ ‘ಅದೆಲ್ಲ ಸುಳ್ಳು’ ಎಂಬ ಸ್ಪಷ್ಟನೆ. ಎರಡೂ ಸುದ್ದಿಯೇ; ಪತ್ರಿಕೆಗೆ ಪುಟ ತುಂಬಿತು.

ಇನ್ನು ಗಳಿಕೆ. ಇಲ್ಲಿ ತಾವು ಹೇಳಿದ ಎರಡು ಅಂಕಿಗಳೂ ಒಟ್ಟಿಗೆ ನಿಜವಾಗಿರಬಹುದು ಎಂದರೆ ತಮಗೆ ಆಶ್ಚರ್ಯವಾದೀತು. ಮಲ್ಟಿಪ್ಲೆಕ್ಸ್‌ನಲ್ಲಿ ತಾವು 236 ರೂಪಾಯಿ ಕೊಟ್ಟು ಟಿಕೆಟ್ ಕೊಂಡಿರಿ ಎನ್ನೋಣ. ನೂರು ರೂಪಾಯಿಗಿಂತ ಮೇಲಿನ ಟಿಕೆಟ್‌ಗೆ ಜಿಎಸ್‌ಟಿ ಶೇ 18. ಹೀಗಾಗಿ 36 ರೂಪಾಯಿ ತೆರಿಗೆಗೆ ಹೋಗಿ 200 ಉಳಿಯುತ್ತದೆ. 236 ಎಂಬುದು ಗ್ರಾಸ್, 200 ಎಂಬುದು ನೆಟ್. ಆ 200ರಲ್ಲಿ ಚಿತ್ರಮಂದಿರ ತನ್ನ ಪಾಲು ಇಟ್ಟುಕೊಂಡು ಉಳಿದುದನ್ನು ವಿತರಕರಿಗೆ ಕೊಡುತ್ತದೆ, ಅದು ಷೇರು. ಹಿಂದಿ ನಿರ್ಮಾಪಕರು 2009ರಲ್ಲಿ ಹೊಸ ಚಿತ್ರಗಳನ್ನು ತಡೆಹಿಡಿದು ಮುಷ್ಕರ ಹೂಡಿದ ಮೇಲೆ ಮಲ್ಟಿಪ್ಲೆಕ್ಸ್‌ಗಳೊಡನೆ ಆದ ಒಪ್ಪಂದದಲ್ಲಿ ವಿತರಕರ ಪಾಲು ಮೊದಲ ವಾರ ಶೇ 50, ಎರಡನೆಯ ವಾರ 42.5, ಮೂರನೆಯ ವಾರ 37.5, ಆಮೇಲೆ 30 ಎಂದು ನಿಗದಿಯಾಯಿತು. ಅದೇ ಲೆಕ್ಕ ಹಿಡಿದರೆ ಮೊದಲ ವಾರದ 236 ರೂಪಾಯಿಯಲ್ಲಿ ವಿತರಕರಿಗೆ ಬಂದದ್ದು 100 ಮಾತ್ರ. ನೂರು ಕೋಟಿ ಗ್ರಾಸ್ ಆದ ಚಿತ್ರದ ಷೇರು ಸುಮಾರು 42 ಕೋಟಿ. ಅಭಿಮಾನಿಗಳಿಗೆ ಪೋಸ್ಟರ್ ಮಾಡುವವರು ಮೊದಲನೆಯದನ್ನು ಹೇಳುತ್ತಾರೆ, ವ್ಯಾಪಾರದ ವರದಿ ಬರೆಯುವವರು ಎರಡನೆಯದನ್ನು. ನಮ್ಮ ಒಂಟಿ ಪರದೆಯ ಚಿತ್ರಮಂದಿರಗಳಲ್ಲಿ ಬಹುಕಾಲದಿಂದ ವಾರದ ಬಾಡಿಗೆ ಪದ್ಧತಿ ರೂಢಿಯಲ್ಲಿರುವುದರಿಂದ ಅಲ್ಲಿನ ಲೆಕ್ಕ ಬೇರೆ. ಜನ ಬರಲಿ ಬಿಡಲಿ, ಬಾಡಿಗೆ ಕಟ್ಟಲೇಬೇಕು. ನಿರ್ಮಾಪಕರು ಶೇಕಡಾವಾರು ಪದ್ಧತಿ ಬೇಕೆಂದು ಪಟ್ಟುಹಿಡಿಯುವುದು ಇದೇ ಕಾರಣಕ್ಕೆ. ಒಟ್ಟಿನಲ್ಲಿ, ಗ್ರಾಸ್, ನೆಟ್, ಷೇರು ಇವುಗಳಲ್ಲಿ ಯಾವುದೆಂದು ಹೇಳದೆ ಬರೀ ‘ಗಳಿಕೆ’ ಎಂದು ಬರೆದ ವರದಿಯ ಅಂಕಿಯನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಧಾರಾವಾಹಿಗಳ ಟಿಆರ್‌ಪಿ ಅಂಕಿ ಇದಕ್ಕಿಂತ ವಾಸಿ, ಏಕೆಂದರೆ ಅದು ವಾಹಿನಿಯ ಬಾಯಿಮಾತಲ್ಲ; ಆಯ್ದ ಮನೆಗಳಲ್ಲಿ ಮೀಟರ್ ಇಟ್ಟು ಬಾರ್ಕ್ ಸಂಸ್ಥೆ ವಾರವಾರ ಅಳೆದದ್ದು. ಆದರೂ ಅದರಲ್ಲಿ ನಗರದ ಅಂಕಿ ಬೇರೆ, ಹಳ್ಳಿಗಳನ್ನೂ ಸೇರಿಸಿದ ಅಂಕಿ ಬೇರೆ. ಒಂದೇ ವಾರ ಎರಡು ವಾಹಿನಿಗಳು ತಮ್ಮ ಧಾರಾವಾಹಿಯೇ ನಂಬರ್ ಒನ್ ಎಂದು ಹೇಳಿಕೊಂಡದ್ದನ್ನು ತಾವು ಓದಿದ್ದರೆ, ಇಬ್ಬರೂ ಸುಳ್ಳು ಹೇಳಿರಬೇಕೆಂದೇನೂ ಇಲ್ಲ. ಒಬ್ಬರು ಎಣಿಸಿದ್ದು ನಗರವನ್ನು, ಇನ್ನೊಬ್ಬರು ಎಣಿಸಿದ್ದು ರಾಜ್ಯವನ್ನು ಇರಬಹುದು.