ಬಾಗಿಲ ಬಳಿ ಕೂರುವ ಹೊಸ ವಿದ್ಯಾರ್ಥಿನಿಯ ಕುರಿತು

ಮಾನ್ಯರೇ, ಬೆಟಗೇರಿಯಿಂದ ಧಾರವಾಡಕ್ಕೆ ಓದಲು ಬಂದ ವಿದ್ಯಾರ್ಥಿನಿಯೊಬ್ಬಳು ನಿಮ್ಮ ಪ್ರಾರ್ಥನಾ ಕೂಟದಲ್ಲಿ ಬಾಗಿಲ ಬಳಿಯೇ ಕುಳಿತು, ಚಹಾಕ್ಕೂ ನಿಲ್ಲದೆ ಹೊರಟುಬಿಡುತ್ತಾಳೆಂದೂ, ಮುಂದಿನ ವಾರ ಅವಳಿಂದ ಸಾಕ್ಷಿ (ಎಲ್ಲರೆದುರು ತನ್ನ ನಂಬಿಕೆಯ ಅನುಭವ) ಹೇಳಿಸಿದರೆ ಸಂಕೋಚ ಬಿಟ್ಟೀತೇ ಎಂದೂ ಕೇಳಿದ್ದೀರಿ. ದಯವಿಟ್ಟು ಹಾಗೆ ಮಾಡಬೇಡಿ. ಮಾತಾಡದಿದ್ದರೂ ಅವಳು ತಪ್ಪದೆ ಬರುತ್ತಿದ್ದಾಳೆ ಎಂಬುದೇ ಸದ್ಯಕ್ಕೆ ದೊಡ್ಡ ಮಾತು. ಎಲ್ಲರೆದುರು ನಿಲ್ಲಿಸಿದರೆ ಅದೂ ತಪ್ಪೀತು.

ಬೈಬಲಿನ ಅರಸುಗಳು ಮೊದಲನೆಯ ಭಾಗದ 19ನೆಯ ಅಧ್ಯಾಯವನ್ನು ಒಮ್ಮೆ ನೋಡಿ: ಬೇಸತ್ತು ಗಿಡದಡಿ ಮಲಗಿದ್ದ ಪ್ರವಾದಿ ಎಲೀಯನಿಗೆ ದೇವದೂತನು ಮೊದಲು ಕೊಟ್ಟದ್ದು ರೊಟ್ಟಿ ಮತ್ತು ನೀರು, ಇಲ್ಲೇನು ಮಾಡುತ್ತಿದ್ದೀ ಎಂಬ ಪ್ರಶ್ನೆ ಎದುರಾದದ್ದು ಅವನು ಹೋರೇಬ್ ಬೆಟ್ಟವನ್ನು ತಲುಪಿದ ಮೇಲೆ. ನಮ್ಮ ಕೂಟಗಳಲ್ಲಿ ಈ ಕ್ರಮ ಬಹುಪಾಲು ತಿರುವುಮುರುವಾಗಿರುತ್ತದೆ.

ಹಿರಿಯ ವಿದ್ಯಾರ್ಥಿನಿಯರಲ್ಲಿ ಮಿತಭಾಷಿಯಾದ ಒಬ್ಬಳು ಅವಳ ಪಕ್ಕದಲ್ಲಿ ಕುಳಿತು, ಕೂಟ ಮುಗಿದ ಮೇಲೆ ಚಿಗರಿ ಬಸ್ಸಿನ ನಿಲ್ದಾಣದವರೆಗೆ ಜೊತೆಗೆ ನಡೆದರೆ ಸಾಕು. ಹಾಡಿನ ಪುಸ್ತಕಗಳನ್ನು ಹಂಚುವಂಥ, ಬಾಯಿ ಬಿಡದೆ ಮಾಡಬಹುದಾದ ಕೆಲಸವನ್ನು ಒಪ್ಪಿಸಿ. ಕೈಗೆ ಕೆಲಸವಿದ್ದವರಿಗೆ ಚಹಾದ ಹೊತ್ತಿನಲ್ಲಿ ನಿಲ್ಲಲು ಒಂದು ನೆಪ ಸಿಗುತ್ತದೆ. ಅವಳ ಹೆಸರನ್ನು ವಾಟ್ಸಾಪ್ ಗುಂಪಿನ ಪ್ರಾರ್ಥನಾ ವಿನಂತಿಗಳಲ್ಲಿ ಹಾಕುವುದಂತೂ ಬೇಡವೇ ಬೇಡ.

ಊಟ, ನಿದ್ರೆ, ತರಗತಿಗಳನ್ನೇ ಬಿಡತೊಡಗಿದ್ದರೆ ಅದು ಬರೀ ಸಂಕೋಚವಲ್ಲದಿರಬಹುದು. ಆಗ ಪ್ರಾರ್ಥನೆಯ ಜೊತೆಗೆ, ಅವಳ ಒಪ್ಪಿಗೆ ಪಡೆದು, ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆರೋಗ್ಯ ಆಸ್ಪತ್ರೆಗೆ ಕರೆದೊಯ್ಯಿರಿ, ಇಲ್ಲವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿ. ಅದು ಉಚಿತ, ಕನ್ನಡದಲ್ಲೇ ಮಾತಾಡಬಹುದು.